ಕಡಲ ತೀರದ ನಮ್ಮೂರಲ್ಲಿ ಮಕ್ಕಳು, ದೊಡ್ಡವರು ಒಟ್ಟಿಗೆ ಸೇರುವ ಸೈಕಲ್ ರೇಸ್: ಬಹುಮಾನ ಎಷ್ಟಿಡಬೇಕು, ಟೈಮಿಂಗ್ ಚಿಪ್ ಬೇಕಾ?

ಬಹುಮಾನದ ಮಾತು ಆಮೇಲೆ. ಟೈಮಿಂಗ್ ಚಿಪ್, ಅಂದರೆ ಯಾರು ಯಾವಾಗ ಗೆರೆ ದಾಟಿದರು ಅಂತ ತಾನೇ ದಾಖಲಿಸುವ ಸಣ್ಣ ಸಾಧನ, ಅದರ ಮಾತು ಅದಕ್ಕೂ ಆಮೇಲೆ.

50,000 ನಗದು, ಆರು ವರ್ಷದ ಮಗುವಿನಿಂದ ಅರವತ್ತರ ಅಜ್ಜನವರೆಗೆ ಎಲ್ಲರಿಗೂ ಒಂದೇ ದಾರಿ, ಬೀಚಿನ ಪಕ್ಕದ ರಸ್ತೆಯಲ್ಲಿ ಹೋಗಿ ಅದರಲ್ಲೇ ವಾಪಸ್. ನೀವು ಬರೆದದ್ದರಲ್ಲಿ ಮುಖ್ಯವಾದದ್ದು ಇಷ್ಟು. ನಮ್ಮ ಯುವಕ ಮಂಡಲದ ಕರಪತ್ರದಲ್ಲೂ ಹೆಚ್ಚುಕಮ್ಮಿ ಇದೇ ಇತ್ತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಉಡುಪಿ ಕಡೆಯವರಿಗೆ ಜಾಗ ಗೊತ್ತಿರುತ್ತದೆ. ಮಲ್ಪೆಯ ಸೇತುವೆ ದಾಟಿದರೆ ಪಡುಕೆರೆ. ಅಲ್ಲಿಂದ ದಕ್ಷಿಣಕ್ಕೆ ಮಟ್ಟುವಿನ ಕಡೆ ಹೊರಟರೆ ಬಲಕ್ಕೆ ಕಡಲು, ಎಡಕ್ಕೆ ಉದ್ಯಾವರ ಹೊಳೆ, ನಡುವೆ ತೆಂಗಿನ ಮರಗಳ ಒಂದು ಪಟ್ಟಿ ನೆಲ, ಆ ಪಟ್ಟಿಯ ಮೇಲೆ ಒಂದು ಮಾರ್ಗ. ಭಾನುವಾರ ಬೆಳಿಗ್ಗೆ ಅಲ್ಲಿ ಸೈಕಲ್ ತುಳಿದವನಿಗೆ ಬೇರೆ ಮಾರ್ಗ ಹಿಡಿಸುವುದಿಲ್ಲ. ಏರು ಇಲ್ಲ, ಸಿಗ್ನಲ್ ಇಲ್ಲ, ಬಸ್ಸಿನ ಕಾಟ ಕಡಿಮೆ. ನಾವು ಕೆಲವರು ವಾರ ವಾರ ಅಲ್ಲಿ ತುಳಿಯುತ್ತಿದ್ದವರು. ನಮಗೆ ಕಂಡ ಚಂದ ಊರಿಗೆಲ್ಲ ಕಾಣಲಿ, ಮಕ್ಕಳು ಮೊಬೈಲ್ ಬಿಟ್ಟು ಹೊರಗೆ ಬರಲಿ ಅಂತ ರೇಸ್ ಮಾಡಲು ಹೊರಟೆವು.

ಚರ್ಚೆ ಬಂದದ್ದು ದಾರಿಯ ಬಗ್ಗೆ. ಸುತ್ತು ದಾರಿ ಬೇಕಾದರೆ ಮಟ್ಟುವಿನಲ್ಲಿ ಹೊಳೆ ದಾಟಿ ಕಟಪಾಡಿಗೆ ಹೋಗಿ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಉದ್ಯಾವರದ ಮೇಲೆ ಬರಬೇಕು. ಹೆದ್ದಾರಿಯಲ್ಲಿ ಮಕ್ಕಳನ್ನು ಬಿಡುವವರುಂಟೇ? ಅದೂ ಮೀನಿನ ಲಾರಿಗಳು ನೀರು ಸುರಿಸಿಕೊಂಡು ಹೋಗುವ ಹೆದ್ದಾರಿ. ಆ ನೀರಿನ ಮೇಲೆ ಬೈಕಿನವರೇ ಜಾರಿ ಬೀಳುತ್ತಾರೆ. ಹಾಗಾಗಿ ಹೆದ್ದಾರಿ ಬೇಡ, ಹೋದ ದಾರಿಯಲ್ಲೇ ಬರುವುದು ಅಂತ ತೀರ್ಮಾನವಾಯಿತು. ಸುರಕ್ಷಿತ ದಾರಿ ಆರಿಸಿಕೊಂಡೆವು ಅಂತ ನಮಗೆ ನಮ್ಮ ಮೇಲೆಯೇ ಭಾರೀ ಮೆಚ್ಚುಗೆ.

ದಾರಿಯ ಉಸ್ತುವಾರಿ ನನ್ನದು. ಮುಂದಿನದನ್ನು ಲೆಕ್ಕ ಸಮೇತ ಹೇಳುತ್ತೇನೆ. ನಾನು ಕೆಟ್ಟದ್ದು ಲೆಕ್ಕದಲ್ಲೇ.

ಸೇತುವೆಯ ಬುಡದಿಂದ 7 ಕಿ.ಮೀ. ದೂರಕ್ಕೆ ದೊಡ್ಡವರ ತಿರುವು. ಅಂದರೆ ಒಂದು ಸುತ್ತಿಗೆ 14 ಕಿ.ಮೀ., ಅಂಥ ಮೂರು ಸುತ್ತು. ಮಕ್ಕಳಿಗೆ 2 ಕಿ.ಮೀ. ದೂರದಲ್ಲಿ ಒಂದು ನೀಲಿ ಡ್ರಮ್ ಇಟ್ಟೆವು. ಅದನ್ನು ಸುತ್ತು ಹಾಕಿ ವಾಪಸ್ ಬಂದರೆ 4 ಕಿ.ಮೀ. ಮುಗಿಯಿತು. ದೊಡ್ಡವರನ್ನು ಮೊದಲು ಬಿಡುವುದು, ಐದು ನಿಮಿಷ ಕಳೆದು ಮಕ್ಕಳನ್ನು. ನಾನು ಆ ಮಾರ್ಗದಲ್ಲಿ ಗಂಟೆಗೆ 32 ಕಿ.ಮೀ. ವೇಗದಲ್ಲಿ ಜೋರಾಗಿ ತುಳಿದು ನೋಡಿದ್ದೆ. ಆ ವೇಗಕ್ಕೆ 14 ಕಿ.ಮೀ. ಮುಗಿಯಲು 26 ನಿಮಿಷ. ಮಕ್ಕಳು ಗಂಟೆಗೆ 15ರಂತೆ ಹೋದರೂ 16 ನಿಮಿಷದಲ್ಲಿ ಮುಗಿಸುತ್ತಾರೆ, ಅಂದರೆ 21ನೇ ನಿಮಿಷಕ್ಕೆ ಎಲ್ಲರೂ ಗೆರೆ ದಾಟಿರುತ್ತಾರೆ. ದೊಡ್ಡವರು ಬರುವುದರೊಳಗೆ ಐದು ನಿಮಿಷ ಕೈಯಲ್ಲಿ. ಸಮಿತಿ ಸಭೆಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಒಬ್ಬರೂ ತಕರಾರು ತೆಗೆಯಲಿಲ್ಲ. ಲೆಕ್ಕ ಸರಿಯೇ ಇತ್ತು, ಮಾರಾಯ್ರೆ. ಅದಕ್ಕೆ ಕೊಟ್ಟ ಅಂಕೆಗಳು ತಪ್ಪಿದ್ದವು.

ಮೊದಲನೆಯದು ಆ 32. ಅದು ನಾನೊಬ್ಬನೇ ಗಾಳಿ ಸೀಳಿಕೊಂಡು ತುಳಿದ ವೇಗ. ಗುಂಪಿನಲ್ಲಿ ತುಳಿಯುವುದೇ ಬೇರೆ ಕಸುಬು. ಮುಂದಿನವನ ಬೆನ್ನಿಗೆ ಅಂಟಿಕೊಂಡರೆ ಹಿಂದಿನವನಿಗೆ ಕಾಲು ಪಾಲಿನಷ್ಟು ಶಕ್ತಿಯಾದರೂ ಉಳಿಯುತ್ತದೆ. ಸರದಿಯ ಮೇಲೆ ಒಬ್ಬೊಬ್ಬರು ಮುಂದೆ ಬಂದರೆ ಇಡೀ ಗುಂಪು ಒಬ್ಬಂಟಿಗಿಂತ ಎಷ್ಟೋ ವೇಗವಾಗಿ ಓಡುತ್ತದೆ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಆದರೆ ಬರುವವರು ನಮ್ಮ ಭಾನುವಾರದ ಬಳಗದವರೇ, ಬೊಂಡ (ಎಳನೀರು) ಕುಡಿಯಲು ಅಲ್ಲಲ್ಲಿ ನಿಲ್ಲುವವರೇ ಅಂತ ಅಂದುಕೊಂಡಿದ್ದೆ.

ಇಲ್ಲಿ ಬಹುಮಾನ ನಡುವೆ ಬರುತ್ತದೆ, ಹಾಗಾಗಿ ಗಮನ ಇಟ್ಟು ಓದಿ. ಮೊದಲ ಬಹುಮಾನ ದೊಡ್ಡದಿರಬೇಕು, ಆಗಲೇ ಹೆಸರಾಗುವುದು ಅಂತ ಒಬ್ಬ ದಾನಿಗಳು ಹಣ ಕೊಟ್ಟರು. ಸುದ್ದಿ ವಾಟ್ಸಾಪಿನಲ್ಲಿ ಘಟ್ಟ ಹತ್ತಿತು. ಕರ್ನಾಟಕದಲ್ಲಿ ಸೈಕಲ್ ರೇಸ್ ಅಂದರೆ ವಿಜಯಪುರ, ಬಾಗಲಕೋಟೆ ಕಡೆ. ಆ ಕಡೆಯ ಹುಡುಗರು ಸಣ್ಣಂದಿನಿಂದ ಗುಂಪಿನಲ್ಲಿ ಓಡಿ ಪಳಗಿದವರು. ರಾತ್ರಿ ಬಸ್ಸಿನ ಟಾಪಿನ ಮೇಲೆ ಸೈಕಲ್ ಕಟ್ಟಿಕೊಂಡು ಬೆಳಗಾಗುವುದರೊಳಗೆ ಉಡುಪಿಯಲ್ಲಿ ಇಳಿದಿದ್ದರು. ತೆಳ್ಳಗಿನ ಟಯರು, ಬಾಗಿದ ಹ್ಯಾಂಡಲ್, ಮುಖದಲ್ಲಿ ನಿದ್ದೆ. ಅವರನ್ನು ಕಂಡ ಕೂಡಲೇ ನಮ್ಮೂರಿನ ಅರ್ಧ ಹುಡುಗರು ಹೆಸರು ವಾಪಸ್ ತೆಗೆದುಕೊಂಡು ಸ್ವಯಂಸೇವಕರಾದರು. ನಮಗೆ ಆಗ ಹೆಮ್ಮೆ, ಎಲ್ಲಿಂದೆಲ್ಲಿಂದಲೋ ಬಂದಿದ್ದಾರೆ ಅಂತ. ಆ ಹುಡುಗರು ಗಂಟೆಗೆ 40 ಕಿ.ಮೀ. ತುಳಿದರು. ಹೊಟ್ಟೆಪಾಡಿಗೆ ಬಂದವರು ಇನ್ನು ಹೇಗೆ ತುಳಿಯಬೇಕು?

ಎರಡನೆಯದು ಮಕ್ಕಳ ಐದು ನಿಮಿಷ. ಮಕ್ಕಳನ್ನು ಹೇಳಿದ ಹೊತ್ತಿಗೆ ಬಿಟ್ಟವರನ್ನು ನಾನು ಇನ್ನೂ ಕಂಡಿಲ್ಲ. ಒಬ್ಬನ ಚೈನ್ ಕಳಚಿತು, ಒಬ್ಬಳಿಗೆ ಒಂದಕ್ಕೆ ಹೋಗಬೇಕು, ಎಲ್ಲ ಅಪ್ಪ ಅಮ್ಮಂದಿರಿಗೂ ಗೆರೆಯ ಮೇಲೆ ಫೋಟೋ ಬೇಕು. ಐದು ಹೋಗಿ ಹತ್ತಾಯಿತು. ಅವಸರ ಮಾಡಿಸಲು ನನಗೂ ಮನಸ್ಸಾಗಲಿಲ್ಲ, ಅಷ್ಟು ಗೌಜಿ ಇತ್ತು ಅಲ್ಲಿ.

ಈಗ ಲೆಕ್ಕ ಪುನಃ ಹಾಕಿ. ದೊಡ್ಡವರು ಮಟ್ಟುವಿನ ಕಡೆಯಿಂದ ತಿರುಗಿ ವಾಪಸ್ ಬರುವಾಗ ನೀಲಿ ಡ್ರಮ್ ಸಿಗುವುದು 12ನೇ ಕಿ.ಮೀ.ಗೆ. ಗಂಟೆಗೆ 40ರಂತೆ ಅದು 18ನೇ ನಿಮಿಷ. ಮಕ್ಕಳು ಹೊರಟದ್ದು 10ನೇ ನಿಮಿಷಕ್ಕೆ, ಡ್ರಮ್ ಮುಟ್ಟಲು ಅವರಿಗೆ ಬೇಕಾದದ್ದು 8 ನಿಮಿಷ. ಅದೂ 18ನೇ ನಿಮಿಷ. ಬೇಕೆಂದೇ ಕೂಡಿಸಿದ್ದರೂ ಅಷ್ಟು ಸರಿಯಾಗಿ ಕೂಡುತ್ತಿರಲಿಲ್ಲ.

ಎದುರುಬದುರು ಹಾದುಹೋಗುವುದಷ್ಟೇ ಆಗಿದ್ದರೆ ಬಹುಶಃ ಬಚಾವಾಗುತ್ತಿದ್ದೆವು. ಡ್ರಮ್ಮಿನ ಹತ್ತಿರ ಮಕ್ಕಳು ಹಾದುಹೋಗುವುದಿಲ್ಲ, ತಿರುಗುತ್ತಾರೆ. ದೊಡ್ಡವನು ಹ್ಯಾಂಡಲ್ ಪೂರ್ತಿ ಹೊರಳಿಸಿ ಎರಡು ಮಾರಿನಲ್ಲಿ ತಿರುಗಿಯಾನು. ಎಂಟು ವರ್ಷದ ಮಗುವಿಗೆ ಇಡೀ ಮಾರ್ಗ ಬೇಕು. ಕೆಲವರು ಅಂಚಿನ ಹೊಯ್ಗೆಗೆ (ಮರಳಿಗೆ) ಇಳಿದು, ಕಾಲು ಕೊಟ್ಟು, ಸೈಕಲ್ ಎತ್ತಿ ತಿರುಗಿಸುತ್ತಾರೆ. ಹಿಂದಿನವರು ಅವರ ಮೇಲೆ ಬರುತ್ತಾರೆ. ಇನ್ನೂ ಒಂದುಂಟು. ಎದುರಿನಿಂದ ಏನಾದರೂ ಬಂದರೆ ಮಕ್ಕಳು ಅದನ್ನೇ ನೋಡುತ್ತಾರೆ, ನೋಡಿದ ಕಡೆಗೇ ಸೈಕಲ್ ಹೋಗುತ್ತದೆ. ಹೊಸದಾಗಿ ಕಲಿತ ಯಾರಿಗೂ ಹಾಗೆಯೇ. ಆ ಜಾಗದಿಂದ ಸ್ವಲ್ಪ ದಕ್ಷಿಣಕ್ಕೊಂದು ತಿರುವು, ತಿರುವಿನ ಮೂಲೆಯಲ್ಲಿ ದಡಕ್ಕೆ ಎಳೆದಿಟ್ಟ ದೋಣಿ, ಅದಕ್ಕೊಂದು ತೆಂಗಿನ ಮಡಲಿನ ಮಾಡು. ದೋಣಿ ದಾಟುವವರೆಗೆ ದಕ್ಷಿಣದಿಂದ ಬರುವವರಿಗೆ ಡ್ರಮ್ ಕಾಣುವುದಿಲ್ಲ. 40ರ ವೇಗ ಅಂದರೆ ಸೆಕೆಂಡಿಗೆ 11 ಮೀಟರ್. ಕಂಡು, ತಿಳಿದು, ಬ್ರೇಕ್ ಒತ್ತುವುದರೊಳಗೆ ಮುಗಿದಿರುತ್ತದೆ.

ಹಿಂದಿನ ದಿನ ಡ್ರಮ್ ಇಡಲು ಹೋದಾಗ ಅಲ್ಲೇ ಮೀನು ಒಣಗಿಸುತ್ತಿದ್ದ ಒಬ್ಬ ಅಜ್ಜಿ, "ಈ ಮಾರ್ಗದಲ್ಲಿ ರೇಸಾ? ಎದುರಿನಿಂದ ರಿಕ್ಷಾ ಬಂದರೆ ನಾವು ಅಂಗಳಕ್ಕೆ ಹತ್ತುತ್ತೇವೆ" ಅಂದಿದ್ದರು. ನಾನು ನಕ್ಕು, "ನಾಳೆ ರಿಕ್ಷಾ ಬರುವುದಿಲ್ಲ ಅಮ್ಮ" ಅಂದೆ.

ಮುಂದೆ ಆದದ್ದನ್ನು ಎಳೆಯುವುದಿಲ್ಲ. ಮುಂದಿನ ಇಬ್ಬರು ಹೇಗೋ ತಪ್ಪಿಸಿಕೊಂಡರು. ಮೂರನೆಯವನು ನಮ್ಮ ಕೋಶಾಧಿಕಾರಿಯ ಮಗಳಿಗೆ ಹೊಡೆದ. ಅವಳ ಹೆಗಲಿನ ಮುಂದಿನ ಎಲುಬು, ಕಾಲರ್ ಬೋನ್ ಅನ್ನುತ್ತಾರಲ್ಲ, ಮುರಿಯಿತು. ಅವನ ಮೊಣಕೈ, ಮೊಣಕಾಲು ಎಲ್ಲ ತರಚಿ ಹೋಯಿತು, ಸೈಕಲ್ಲಿನ ಫ್ರೇಮ್ ಸೀಳಿತು. ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು. ನಾನು ಬೈಕಿನಲ್ಲಿ ತಲುಪುವಾಗ ಆ ಹುಡುಗ ತನ್ನ ರಕ್ತ ಬಿಟ್ಟು ಮಗುವಿನ ತಲೆಯ ಕೆಳಗೆ ಕೈ ಇಟ್ಟುಕೊಂಡು ಕೂತಿದ್ದ. ನನ್ನ ಕೊರಳಲ್ಲಿದ್ದ ಬ್ಯಾಡ್ಜ್ ನೋಡಿ ಒಂದೇ ಮಾತು ಕೇಳಿದ: "ಸರ, ಸಣ್ಣ ಹುಡುಗ್ರನ್ನ ಎದುರಿಗೆ ಯಾಕ ಬಿಟ್ರಿ?"

ಅವನು ಬೈದಿದ್ದರೆ ಉತ್ತರ ಕೊಡಬಹುದಿತ್ತು.

ರೇಸ್ ಅಲ್ಲಿಗೆ ನಿಂತಿತು. ಗೆದ್ದವರಿಲ್ಲ, ಬಹುಮಾನದ ಹಣ ಆಸ್ಪತ್ರೆಗೆ ಮತ್ತು ಸೀಳಿದ ಫ್ರೇಮಿಗೆ ಹೋಯಿತು. ಫ್ರೇಮಿಗೆ ಸಾಲಲಿಲ್ಲ, ಉಳಿದದ್ದನ್ನು ನಾವು ಕೆಲವರು ಕೈಯಿಂದ ಹಾಕಿದೆವು. ವಿಮೆ ಮಾಡಿಸಿರಲಿಲ್ಲ, ಸೈಕಲ್ಲಿಗೆಂಥ ವಿಮೆ ಅಂತ. ಮಗು ಗುಣವಾದಳು, ಮಕ್ಕಳ ಎಲುಬು ಬೇಗ ಕೂಡುತ್ತದೆ. ಕೋಶಾಧಿಕಾರಿ ಲೆಕ್ಕದ ಪುಸ್ತಕ ಮನೆಗೆ ಕಳುಹಿಸಿಕೊಟ್ಟರು. ಅವರು ನನ್ನ ಬಾಲ್ಯದ ಗೆಳೆಯ. ಈಗ ಮದುವೆ ಮನೆಯಲ್ಲಿ ಸಿಕ್ಕಿದರೆ ಊಟ ಆಯ್ತಾ ಅಂತ ಕೇಳುವಷ್ಟು ಮಾತುಂಟು, ಅಷ್ಟೇ.

ಇನ್ನು ನಿಮ್ಮ ಪ್ರಶ್ನೆ. ಬಹುಮಾನ ಎಷ್ಟಿಡಬೇಕು ಅಂತ ಕೇಳಿದ್ದೀರಿ. ಇಡಲೇಬೇಡಿ ಅನ್ನುತ್ತೇನೆ. ಹಣ ಕೆಟ್ಟದ್ದು ಅಂತಲ್ಲ. 50,000 ಇಟ್ಟ ಕೂಡಲೇ ಅದು ಬೇರೆ ಕಾರ್ಯಕ್ರಮವಾಗುತ್ತದೆ. ಅದಕ್ಕೆ ಪೂರ್ತಿ ಮುಚ್ಚಿದ ಅಗಲ ರಸ್ತೆ ಬೇಕು, ದಾರಿ ಕಾಯಲು ತರಬೇತಾದ ಮಾರ್ಷಲ್‌ಗಳು ಬೇಕು, ಮುಂದೊಂದು ಹಿಂದೊಂದು ಗಾಡಿ ಬೇಕು, ತೀರ್ಪುಗಾರರು ಬೇಕು. ಅಷ್ಟು ಶಕ್ತಿ ನಿಮಗಿದ್ದರೆ ಮಾಡಿ, ಆ ಉತ್ತರ ಕರ್ನಾಟಕದ ಹುಡುಗರಿಗೆ ಅಂಥ ರೇಸುಗಳು ಬೇಕೇ ಬೇಕು. ಆದರೆ ಅದನ್ನು ಬೇರೆ ದಿನ ಇಟ್ಟುಕೊಳ್ಳಿ. ಮಕ್ಕಳು ಬರುವ ದಿನ ಆ ಮಾರ್ಗದ ಮೇಲೆ ಒಬ್ಬನಾದರೂ ಹಣಕ್ಕಾಗಿ ತುಳಿಯುವವನು ಇರಬಾರದು. ಎಲ್ಲರೂ ಒಂದೇ ರೇಸಿನಲ್ಲಿ ಅನ್ನುವುದು ಕರಪತ್ರಕ್ಕೆ ಚಂದ. ತೇರಿನ ದಿನ ರಥಬೀದಿಯಲ್ಲಿ ಬಸ್ಸು ಬಿಟ್ಟ ಹಾಗೆ ಅದು.

ಹೊತ್ತು ಬೇರೆ ಮಾಡಿದರೆ ಸಾಲದೇ ಅಂತ ಯಾರೋ ಕೇಳುತ್ತಾರೆ. ನಾನು ಮಾಡಿದ್ದು ಅದನ್ನೇ ಅಲ್ಲವೇ, ನಿಮಿಷದ ಲೆಕ್ಕದಲ್ಲಿ. ಒಂದು ಗುಂಪಿನ ಕೊನೆಯವನು ಗೆರೆ ದಾಟಿ, ಸೈಕಲ್ ಬದಿಗಿಟ್ಟು, ಶರಬತ್ತಿನ ಲೋಟ ಹಿಡಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಇನ್ನೊಂದು ಗುಂಪನ್ನು ಬಿಡಬೇಕು. ಗಡಿಯಾರ ನೋಡಿ ಬಿಡಬಾರದು.

ಆಮೇಲೆ ಒಂದೆರಡು ವರ್ಷ ಆ ಸುದ್ದಿ ಎತ್ತಲಿಲ್ಲ. ಪುನಃ ಶುರುಮಾಡಿದಾಗ ವಾಪಸ್ ಬರುವುದನ್ನೇ ತೆಗೆದುಹಾಕಿದೆವು. ಸೇತುವೆಯ ಬುಡದಲ್ಲಿ ಶುರು, ಮಟ್ಟುವಿನ ಕಡೆ ಮುಕ್ತಾಯ, ಒಂದೇ ದಿಕ್ಕು. ಸಣ್ಣವರು ನಡುವಿನ ಒಂದು ಮೈದಾನದಿಂದ ಹೊರಡುತ್ತಾರೆ, ಅವರದೂ ದಕ್ಷಿಣಕ್ಕೇ. ಸೈಕಲ್‌ಗಳನ್ನು ಟೆಂಪೋದಲ್ಲಿ ವಾಪಸ್ ತರುತ್ತೇವೆ. ಮೊದಲ ಸಲ ಮೀನಿನ ಟೆಂಪೋ ಸಿಕ್ಕಿತು. ಎಷ್ಟು ತೊಳೆದರೂ ವಾಸನೆ ಬಿಡಲಿಲ್ಲ, ಮಣಿಪಾಲದಿಂದ ಬಂದ ಕೆಲವು ತಾಯಂದಿರು ಮೂಗು ಮುಚ್ಚಿಕೊಂಡರು. ಗುಲಾಬಿ ಬಣ್ಣದ ಒಂದು ಸೈಕಲ್ಲಿಗೆ ಗೀರು ಬಿದ್ದು ದೊಡ್ಡ ರಂಪವಾಯಿತು. ಈಗ ನಡುನಡುವೆ ಗೋಣಿಚೀಲ ಇಟ್ಟು ಕಟ್ಟುತ್ತೇವೆ. ಇಂಥ ಮಂಡೆಬಿಸಿ ಎಷ್ಟು ಬಂದರೂ ಬರಲಿ.

ಮಾರ್ಗ ಬಂದ್ ಮಾಡುವ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಒಂದೂ ಮಾತಿಲ್ಲ. ಕರಾವಳಿಯಲ್ಲಿ ಇಂಥ ಹೊಳೆ-ಕಡಲ ನಡುವಿನ ಪಟ್ಟಿಗಳು ಬಹಳ, ಅಲ್ಲಿನವರಿಗೆ ಇರುವುದು ಅದೊಂದೇ ಮಾರ್ಗ. ಪೊಲೀಸ್ ಅನುಮತಿ ಸಿಕ್ಕಿತು ಅಂದರೆ ಮುಗಿಯಲಿಲ್ಲ. ಅಲ್ಲಿ ಯಾರಿಗಾದರೂ ಎದೆನೋವು ಬಂದರೆ 108 ಆಂಬುಲೆನ್ಸ್ ನಿಮ್ಮ ಮಕ್ಕಳ ನಡುವೆಯೇ ಬರಬೇಕು. ಆಗ ಎಲ್ಲರೂ ಯಾವ ಬದಿಗೆ ಇಳಿಯಬೇಕು ಅಂತ ಮೊದಲೇ ಹೇಳಿಡಬೇಕು. ನಾವು ಹೇಳುವುದು ಕಡಲ ಬದಿಗೆ, ಆ ದಿಕ್ಕು ಯಾವ ಮಗುವಿಗೂ ತಪ್ಪುವುದಿಲ್ಲ. ಭಜನಾ ಮಂದಿರದವರನ್ನು ಹಿಡಿಯಿರಿ. ಮೀನುಗಾರರ ಊರುಗಳಲ್ಲಿ ಅಲ್ಲಿ ಹೇಳಿದ ಮಾತು ಸಂಜೆಯೊಳಗೆ ಮನೆಮನೆ ಮುಟ್ಟುತ್ತದೆ, ಪೇಪರಿನಲ್ಲಿ ಹಾಕಿದ್ದು ಮುಟ್ಟುವುದಿಲ್ಲ. ಬಲೆ ಹರಡುವವರು, ಮೀನು ಒಣಗಿಸುವವರು ಒಂದು ಬೆಳಿಗ್ಗೆಯ ಮಟ್ಟಿಗೆ ಜಾಗ ಬಿಟ್ಟುಕೊಡುತ್ತಾರೆ, ಕೇಳಿದರೆ. ನಾವು ಮೊದಲ ಸಲ ಕೇಳಿರಲಿಲ್ಲ, ತಿಳಿಸಿದ್ದೆವು.

ತಿಂಗಳು ಜನವರಿ ಅಥವಾ ಫೆಬ್ರವರಿ ಇಟ್ಟುಕೊಳ್ಳಿ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದ ಲಾರಿ ಕಡಿಮೆ ಅಂತ ನಮ್ಮಲ್ಲೊಬ್ಬರು ಜಾಣತನದ ಸಲಹೆ ಕೊಟ್ಟಿದ್ದರು. ಆ ಮಳೆಯಲ್ಲಿ, ಆ ಗಾಳಿಯಲ್ಲಿ ಕೊಡೆ ಹಿಡಿದು ನಡೆಯುವುದೇ ಕಷ್ಟ. ಬೆಳಿಗ್ಗೆ ಏಳೂವರೆಗೆ ಬಿಟ್ಟರೆ ಒಂಬತ್ತರೊಳಗೆ ಮುಗಿಸಿ. ಹೊತ್ತು ಏರಿದ ಮೇಲೆ ಕಡಲ ಗಾಳಿ ಏಳುತ್ತದೆ, ಸಣ್ಣ ಮಕ್ಕಳನ್ನು ಅದು ಬದಿಗೆ ತಳ್ಳುತ್ತದೆ, ಪ್ರವಾಸಿಗರ ಕಾರುಗಳೂ ಅದೇ ಹೊತ್ತಿಗೆ ಬರುತ್ತವೆ. ಮುಖ್ಯ ಅತಿಥಿಗಳ ಭಾಷಣ ಕೊನೆಗೆ ಇಡಿ. ಬರುವುದಿಲ್ಲ ಅಂದರೆ ಬರುವುದು ಬೇಡ.

ಹಿಂದಿನ ದಿನದ ಗಾಳಿಗೆ ಹೊಯ್ಗೆ ಮಾರ್ಗದ ಮೇಲೆ ಬಂದು ಕೂತಿರುತ್ತದೆ. ಬೆಳಿಗ್ಗೆ ಐದಕ್ಕೆ ಹಿಡಿಸೂಡಿ ಹಿಡಿದು ನಾಲ್ಕು ಜನ ಹೋಗಬೇಕು. ಈ ಕೆಲಸಕ್ಕೆ ಯಾವ ಪದಾಧಿಕಾರಿಯೂ ಸಿಗುವುದಿಲ್ಲ, ಈಗಲೇ ಹೆಸರು ಬರೆದಿಟ್ಟುಕೊಳ್ಳಿ. ಬೀಚಿನ ಮೇಲೆಯೇ ಓಡಿಸಿದರೆ ಹೇಗೆ ಅಂತಲೂ ಕೇಳಿದ್ದೀರಿ. ಇಳಿತದ ಹೊತ್ತಿಗೆ ಒದ್ದೆ ಹೊಯ್ಗೆ ಗಟ್ಟಿ ಇರುತ್ತದೆ, ಓಡಿಸಲು ಆಗುತ್ತದೆ. ಆದರೆ ಇಳಿತ ದಿನಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಮುಂದೆ ಹೋಗುತ್ತದೆ. ಒಂದು ವಾರ ಕಾರ್ಯಕ್ರಮ ಮುಂದೂಡಿದರೆ ನಿಮ್ಮ ಗಟ್ಟಿ ನೆಲ ನೀರೊಳಗೆ. ಉಪ್ಪುನೀರು ಕುಡಿದ ಸೈಕಲ್ಲನ್ನು ಅದೇ ದಿನ ಸಿಹಿನೀರಲ್ಲಿ ತೊಳೆದು ಚೈನಿಗೆ ಎಣ್ಣೆ ಬಿಡದಿದ್ದರೆ ಬೇಗ ತುಕ್ಕು ಹಿಡಿಯುತ್ತದೆ. ಆ ಬೈಗುಳವೂ ನಿಮಗೇ.

ಸ್ಪರ್ಧೆಯೇ ಇಲ್ಲದಿದ್ದರೆ ಜನ ಬರುತ್ತಾರಾ ಅನ್ನುವ ಭಯ ನಿಮ್ಮ ಪ್ರಶ್ನೆಯ ಅಡಿಯಲ್ಲಿ ಕಾಣುತ್ತದೆ. ಸ್ಪರ್ಧೆ ಇರಲಿ. ಮುಕ್ತಾಯದ ಜಾಗದಲ್ಲಿ ಸ್ಲೋ ಸೈಕಲ್ ರೇಸ್ ಇಡಿ, ಕಾಲು ನೆಲಕ್ಕೆ ತಾಗಿಸದೆ ಕೊನೆಗೆ ಬಂದವರಿಗೆ ಗೆಲುವು. ನಮ್ಮಲ್ಲಿ ಅದರ ಹಾಗೆ ಜನ ಸೇರುವ ಆಟ ಇನ್ನೊಂದಿಲ್ಲ, ಅಪ್ಪಂದಿರೆಲ್ಲ ಮಕ್ಕಳೆದುರು ಸೋಲುತ್ತಾರೆ. ತೀರ್ಪಿಗೆ ಒಬ್ಬ ಪಿ.ಟಿ. ಮಾಸ್ಟ್ರು ಬೇಕು, ಅವರ ಸೀಟಿಗೆ ಮಾತ್ರ ಜನ ಹೆದರುವುದು. ಇನ್ನೊಂದು ನಮಗೆ ಆಮೇಲೆ ಹೊಳೆದದ್ದು. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರಕಾರ ಕೊಟ್ಟ ಸೈಕಲ್‌ಗಳು ಇನ್ನೂ ಎಷ್ಟೋ ಮನೆಯ ಕೊಟ್ಟಿಗೆಯಲ್ಲಿ ಉಂಟು. ಅವುಗಳದ್ದೇ ಒಂದು ರೇಸ್ ಮಾಡಿದೆವು. ಗೇರಿಲ್ಲ, ಭಾರ, ಎಲ್ಲವೂ ಹೆಚ್ಚುಕಮ್ಮಿ ಒಂದೇ ಥರ. ಎರಡು ಲಕ್ಷದ ಸೈಕಲ್ ತಂದವನಿಗೆ ಅಲ್ಲಿ ಕೆಲಸ ಇಲ್ಲ. ಒಂದು ವರ್ಷ ಅದರಲ್ಲಿ ಗೆದ್ದವಳು ಬೆಳಿಗ್ಗೆ ಮನೆಮನೆಗೆ ಹಾಲು ಹಾಕುವ ಹುಡುಗಿ. ವೇಗ ಅಷ್ಟು ಏರುವುದೂ ಇಲ್ಲ, ಆ ಸೈಕಲ್ಲಿಗೆ ಮನಸ್ಸಿಲ್ಲ.

ಮಕ್ಕಳನ್ನು ವಯಸ್ಸಿನ ಮೇಲೆ ವಿಂಗಡಿಸಬೇಡಿ. ಚಕ್ರದ ಮೇಲೆ ವಿಂಗಡಿಸಿ: 16 ಇಂಚು, 20 ಇಂಚು, 24 ಇಂಚು. ಹತ್ತು ವರ್ಷದವನು 16 ಇಂಚಿನದ್ದು ತಂದರೆ ಅವನ ಜಾಗ ಅಲ್ಲಿಯೇ. ವಯಸ್ಸಿನ ಬಗ್ಗೆ ತಂದೆತಾಯಿ ಸುಳ್ಳು ಹೇಳುತ್ತಾರೆ, ಟಯರಿನ ಮೇಲೆ ಅಂಕೆ ಅಚ್ಚಾಗಿರುತ್ತದೆ.

ಹೆಲ್ಮೆಟ್ ಇಲ್ಲದವರನ್ನು ಗೆರೆಯ ಹತ್ತಿರ ಬಿಡಬೇಡಿ, ಅವರು ದಾನಿಗಳ ಮೊಮ್ಮಕ್ಕಳಾದರೂ ಸರಿ. ವೃತ್ತಿಪರ ರೇಸಿನವರೇ 2003ರವರೆಗೆ ಹೆಲ್ಮೆಟ್ ಬೇಡ ಅಂತ ಜಗಳ ಮಾಡುತ್ತಿದ್ದರು. ಆ ವರ್ಷ ಫ್ರಾನ್ಸಿನ ಒಂದು ರೇಸಿನಲ್ಲಿ ಕಜಕಸ್ತಾನದ ಆಂದ್ರೆ ಕಿವಿಲೆವ್ ಹೆಲ್ಮೆಟ್ ಇಲ್ಲದೆ ಬಿದ್ದು ತೀರಿಕೊಂಡ ಮೇಲೆ ಕಡ್ಡಾಯವಾಯಿತು. ನಮ್ಮ ಹುಡುಗಿಯ ತಲೆ ಉಳಿದದ್ದೂ ಹೆಲ್ಮೆಟ್ಟಿನಿಂದಲೇ. ಅವತ್ತು ನಾವು ಸರಿಯಾಗಿ ಮಾಡಿದ ಕೆಲಸ ಬಹುಶಃ ಅದೊಂದೇ.

ಟೈಮಿಂಗ್ ಚಿಪ್ ಬೇಡ. ಗೆರೆಯ ಮೇಲೆ ಒಂದು ಮೊಬೈಲ್ ಸ್ಟ್ಯಾಂಡಿಗೆ ಹಾಕಿ ವಿಡಿಯೋ ಮಾಡಿ, ಜಗಳ ಬಂದರೆ ಅದನ್ನು ತೋರಿಸಿ. ಆ ಹಣಕ್ಕೆ ಹೆಲ್ಮೆಟ್ ತಂದು ಬಾಡಿಗೆಯಿಲ್ಲದೆ ಕೊಡಿ. ನಿಮ್ಮ 50,000ದಲ್ಲಿ ಮೊದಲು ಎಲ್ಲರ ಹೆಸರಿಗೂ ಅಪಘಾತ ವಿಮೆ, ಆಮೇಲೆ ಟೆಂಪೋ ಬಾಡಿಗೆ, ಆಮೇಲೆ ಬೊಂಡ, ಅವಲಕ್ಕಿ, ಪುನರ್ಪುಳಿ ಶರಬತ್ತು. ಬಂದ ಪ್ರತಿ ಮಗುವಿಗೂ ಒಂದು ಪದಕ ಕೊಟ್ಟರೂ ಸ್ವಲ್ಪ ಉಳಿಯುತ್ತದೆ. ದಾನಿಗಳಿಗೆ ಇದನ್ನು ಹೇಳುವುದು ಕಷ್ಟ ಅಂತ ಗೊತ್ತು, ಅವರಿಗೆ ಚೆಕ್ ಹಿಡಿದ ಫೋಟೋ ಬೇಕಿರುತ್ತದೆ. ಮಕ್ಕಳನ್ನು ಬಿಡುವ ಬಾವುಟ ಅವರ ಕೈಗೇ ಕೊಡಿ, ಪೇಪರಿನಲ್ಲಿ ಅದೂ ಚಂದ ಬರುತ್ತದೆ.